ಉಳದೆ ಬಿಟ್ಟ ಮೂಲೆ

ಸತ್ತೆವ್ವ ಗಂಡನ ಬಟ್ಟೆಯ ಗಂಟಿಗೆ ಕೈ ಹಾಕಿದಾಗ ಭಜನೆಯವರ ತಾಳವೇ ತಪ್ಪಿತು. ಅಲ್ಲಪ್ಪನ ಹೆಣದ ಜೊತೆ ಕುಣಿಗೆ ಹೋಗಬೇಕಾದ ಗಂಟು ಅದು. ತುಕ್ಕಾನಟ್ಟಿಯ ಅರ್ಧ ಊರು ಅಂಗಳದಲ್ಲಿ ಕೂತಿರುವಾಗ ಹೆಂಡತಿಯೇ ಅದನ್ನು ಬಿಚ್ಚಿ ಅಂಗಿ, ಪ್ಯಾಂಟು ಒಂದೊಂದೇ ಝಾಡಿಸುತ್ತಿದ್ದಳು.

"ಏನ ಹುಡಕಾಕತ್ತೀರಿ ವೈನಿ?" ಮೈದುನ ಪರಶುರಾಮ ಓಡಿ ಬಂದ.

"ನಿಮ್ಮ ಅಣ್ಣನ ಫೋನ್."

"ಹುಕ್ಕೇರಿ ಬಳಗದ ಮಂದಿ ಘಟಪ್ರಭಾ ದಾಟ್ಯಾರಂತ. ಅವರು ಬಂದ ಕೂಡ್ಲೆ ಎತ್ತೂದ. ಫೋನ್ ಆಮ್ಯಾಲ ನೋಡೂಣು."

"ಮಣ್ಣ ಆಗೂತನಕ ಆ ಹುಡುಗ ಹೊಲಕ್ಕ ಟ್ರ್ಯಾಕ್ಟರ್ ಇಳಿಸಿರ್ತಾನ."

ಪರಶುರಾಮ ಮುಖ ಕಿವುಚಿದ. "ಆ ಬಾಂಬಿನ ಪುರಾಣ ಇವತ್ತೂ ಬೇಕೇನ್ರಿ?"

ಸತ್ತೆವ್ವ ಇನ್ನೊಂದು ಅಂಗಿಯ ಕಿಸೆಗೆ ಕೈ ಹಾಕಿದಳು. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು.

* * *

ಅಲ್ಲಪ್ಪ ಫೌಜಿನಲ್ಲಿ ಹವಾಲ್ದಾರನಾಗಿದ್ದ. ಹಾಗೆಂದು ಯಾರ ಮೇಲೂ ಗುಂಡು ಹಾರಿಸಿದವನಲ್ಲ. ಅವನ ಕೆಲಸವೆಲ್ಲ ನೆಲದ್ದು, ಬಾಂಬು ಹುಗಿಯುವುದು, ತೆಗೆಯುವುದು. ಎರಡು ಸಾವಿರದ ಎರಡರಲ್ಲಿ ಇನ್ನೇನು ಯುದ್ಧ ಶುರುವಾಯಿತು ಎನ್ನುವ ಹೊತ್ತಿಗೆ ಪಂಜಾಬಿನ ಗಡಿಯ ಒಂದು ಊರನ್ನು ಖಾಲಿ ಮಾಡಿಸಿ, ಹೊಲದ ತುಂಬ ನೆಲಬಾಂಬು ಹುಗಿದಿದ್ದರು. ದೊಡ್ಡ ಯುದ್ಧವೇನೋ ಆಗಲಿಲ್ಲ, ಆದರೆ ಆಚೆಯಿಂದ ಬಿದ್ದ ಶೆಲ್ಲುಗಳಿಗೆ ಎಷ್ಟೋ ಮನೆ ಕುಸಿದವು. ಹುಗಿದವರೇ ಬಾಂಬು ತೆಗೆದರು. ಜನ ಮರಳಿದಾಗ ಅವರ ಜೊತೆ ನಿಂತು ಕಲ್ಲುಮಣ್ಣು ಹೊತ್ತರು, ಗೋಡೆ ಎಬ್ಬಿಸಿದರು. ಬಲಕಾರ್ ಸಿಂಗ್ ಎಂಬ ರೈತನ ಮನೆಯ ತೊಲೆಗೆ ಹೆಗಲು ಕೊಟ್ಟವನು ಅಲ್ಲಪ್ಪನೇ.

ಆ ಬಲಕಾರನ ಹೊಲದ ಮೂಲೆಯಲ್ಲಿ ಹುಗಿದದ್ದು ಹನ್ನೊಂದು, ಸಿಕ್ಕಿದ್ದು ಹತ್ತು. ಪ್ಲಾಸ್ಟಿಕ್ಕಿನ ಡಬ್ಬಿ, ಮಣ್ಣಿನಲ್ಲಿ ಜಾರಿ ಆಳಕ್ಕಿಳಿದರೆ ಹುಡುಕುವ ಯಂತ್ರಕ್ಕೂ ಸುಳಿವು ಕೊಡದು. "ನಾಯಿ ತುಳಿದು ಸಿಡಿದಿರಬೇಕು ಅಂತ ಬರೆದು ಮುಗಿಸು" ಎಂದರು ಮೇಲಿನವರು. ಅಲ್ಲಪ್ಪ ಬರೆದ, ಸಹಿಯನ್ನೂ ಹಾಕಿದ. ಹೊರಡುವ ದಿನ ಮಾತ್ರ ಬಲಕಾರನ ಕೈ ಹಿಡಿದು, "ಆ ಮೂಲೆ ಉಳಬೇಡ" ಎಂದು ಬೇಡಿಕೊಂಡ. ಆಮೇಲೆ ಎರಡು ರಜೆಯನ್ನು ಅಲ್ಲೇ ಮೊಣಕಾಲೂರಿ ಹುಡುಕುತ್ತ ಕಳೆದ. ಸಿಗಲಿಲ್ಲ.

ಅಂದಿನಿಂದ ಪ್ರತಿ ರವಿವಾರ ಬಲಕಾರನಿಗೆ ಫೋನು, ಆ ಮೂಲೆ ಉತ್ತಿಲ್ಲ ತಾನೆ ಎಂದು ಕೇಳಲು. ಮಗಳು ನಂದಾಳ ಮದುವೆಯ ದಿನವೂ ಬಾಸಿಂಗ ಕಟ್ಟುವ ಹೊತ್ತಿಗೆ ಅಪ್ಪ ಹಿತ್ತಲಲ್ಲಿ ಹಿಂದಿ ಮಾತಾಡುತ್ತ ನಿಂತಿದ್ದ. ಸತ್ತೆವ್ವನಿಗೆ ಮೈಯೆಲ್ಲ ಉರಿದಿತ್ತು. "ಆ ಮೂಲಿ ನನಗ ಸವತಿ ಆಗೇತಿ ನೋಡ್ರಿ," ಎಂದು ಬೀಗರ ಎದುರೇ ಅಂದಿದ್ದಳು.

ಹೋದ ರವಿವಾರ ಬಲಕಾರನೇ ಫೋನಿನಲ್ಲಿ ಅತ್ತಿದ್ದ. ಮಗ ಹೊಸ ಟ್ರ್ಯಾಕ್ಟರ್ ತಂದಿದ್ದಾನೆ, ಯಾರೂ ಕಾಣದ ಬಾಂಬಿಗೆ ಹೆದರಿ ಇಷ್ಟು ವರ್ಷ ಬೀಳು ಬಿಟ್ಟದ್ದು ಸಾಕು ಅನ್ನುತ್ತಾನೆ, ಬರುವ ರವಿವಾರ ಹನ್ನೊಂದಕ್ಕೆ ಉಳುತ್ತಾನಂತೆ, ಅಷ್ಟರಲ್ಲಿ ನೀನೇ ಬಾ. ಅಲ್ಲಪ್ಪ ಗುರುವಾರದ ರೈಲಿಗೆ ತಿಕೀಟು ತೆಗೆಸಿದ. ಬುಧವಾರ ಎದೆ ಹಿಡಿದುಕೊಂಡಿತು, ಮತ್ತೆ ಎಚ್ಚರ ಬರಲಿಲ್ಲ. ಶನಿವಾರ ಸಂಜೆ ಎಲ್ಲ ಮುಗಿಯಿತು.

* * *

ಫೋನು ಬನೀನಿನ ಒಳಕಿಸೆಯಲ್ಲಿತ್ತು. ನಂದಾ ಅದನ್ನು ಚಾಲೂ ಮಾಡಿ ನಂಬರು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು.

"ಎತ್ತವಲ್ರು ಅವ್ವಾ."

"ಮತ್ತ ಹಚ್ಚ."

ಹುಕ್ಕೇರಿಯ ಗಾಡಿ ಬಂತು. ಹೆಂಗಸರು ಇಳಿಯುತ್ತಲೇ ಬಾಯಿ ಬಡಿದುಕೊಂಡು ಅಳತೊಡಗಿದರು, ಭಜನೆ ಏರಿತು. ಪರಶುರಾಮ "ಏಳ್ರಿ, ಹೊತ್ತಾತು" ಎಂದು ಗಂಡಸರನ್ನು ಎಬ್ಬಿಸಿದ. ಮೂರನೆಯ ಸಲಕ್ಕೆ ಆ ಕಡೆಯಿಂದ ಮುದುಕನ ದನಿ: "ಹವಾಲ್ದಾರ್ ಸಾಬ್?" ಅದರ ಹಿಂದೆಯೇ ಟ್ರ್ಯಾಕ್ಟರಿನ ಗುಡುಗುಡು ಸದ್ದು.

ಸತ್ತೆವ್ವ ಫೋನು ಕಸಿದುಕೊಂಡಳು. "ಹಾಡ ನಿಂದರಸ್ರಿ!"

ಅಂಗಳವೆಲ್ಲ ಗಪ್ಪಾಯಿತು. ಅವಳು ಸಾಲಿ ಕಲಿತವಳಲ್ಲ. ಅವಳ ಬಳಿ ಇದ್ದದ್ದು ಇಪ್ಪತ್ತು ವರ್ಷದ ರವಿವಾರಗಳಲ್ಲಿ ಒಲೆಯ ಮುಂದೆ ಕೂತು ಕೇಳಿದ ನಾಲ್ಕು ಹಿಂದಿ ಮಾತು.

"ಸಾಹೇಬ ಮರ್ ಗಯೇ," ಎಂದಳು. ಗಂಡ ಸತ್ತನೆಂಬುದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬಲಕಾರ ದೇವರನ್ನು ನೆನೆದು ಬಿಕ್ಕಿದ. ಟ್ರ್ಯಾಕ್ಟರ್ ಸದ್ದು ದೂರ ಸರಿಯುತ್ತಿತ್ತು.

"ಸಾಹೇಬ ಮರ್ ಗಯೇ, ಬಾಂಬ್ ನಹೀ ಮರಾ!" ಸತ್ತೆವ್ವ ಗಂಟಲು ಹರಿಯುವಂತೆ ಕೂಗಿದಳು. "ಬೇಟೇ ಕೋ ರೋಕೋ! ರೋಕೋ!"

ಮಗನನ್ನು ತಡೆಯಲು ಮುದುಕ ಓಡುವುದು ಕೇಳಿಸಿತು. ಏದುಸಿರು, ಕೂಗು, ಮತ್ತೆ ಕೂಗು. ಹೆಣ ಎತ್ತಲು ಬಾಗಿದ್ದ ನಾಲ್ವರಿಗೆ ಸತ್ತೆವ್ವ ಕೈ ಅಡ್ಡ ಹಿಡಿದಳು. ಅವರು ಬಾಗಿದಲ್ಲೇ ನಿಂತರು.

ಎಂಜಿನ್ ನಿಂತಿತು.

ಆಮೇಲೆ ಒಬ್ಬ ಹರೆಯದವನ ದನಿ. ಅವನು ಕೆಳಗಿಳಿದು ಅಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಸತ್ತೆವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು, ಆ ಬೈಗುಳ ಕೇಳುತ್ತ ಕೇಳುತ್ತ ಗಂಡನ ಕಾಲ ಬಳಿ ಕುಸಿದು ಅಳತೊಡಗಿದಳು.