ಅತ್ತೆಯ ಬಟ್ಟೆಹಗ್ಗ

ನಮ್ಮ ಅತ್ತೆ ಮಸ್ತೂರಾ ಅವರು ಮನುಷ್ಯರನ್ನು ಅಳೆಯುವುದು ಬಟ್ಟೆ ಒಣಗಿಸುವ ಹಗ್ಗದಿಂದ. ಯಾರ ಮನೆಗೆ ಹೋದರೂ ಮೊದಲು ಅವರ ಕಣ್ಣು ಅಂಗಳಕ್ಕೆ. ಬಿಳಿ ಬಟ್ಟೆ ಒಂದು ಕಡೆ, ಬಣ್ಣದ್ದು ಇನ್ನೊಂದು ಕಡೆ, ಗಂಡಸರ ಚಡ್ಡಿಗಳು ಹೊದಿಕೆಯ ಮರೆಯಲ್ಲಿ ಇದ್ದರೆ ಆ ಮನೆಯ ಸೊಸೆ ಒಳ್ಳೆಯ ಮನೆತನದವಳು. ಕಾಲುಚೀಲಗಳ ಜೋಡಿ ತಪ್ಪಿದ್ದರೆ ಆ ಸೊಸೆಯನ್ನು ಹೆತ್ತ ತಾಯಿಗೆ ಸ್ವರ್ಗ ಸಿಗುವುದೂ ಅನುಮಾನ. ಉಜ್ಬೇಕಿಸ್ತಾನದ ಕೊಕಂದಿನ ನಮ್ಮ ಕೇರಿಯಲ್ಲಿ ಅತ್ತೆಯರೆಲ್ಲ ಹೀಗೆಯೇ. ನಮ್ಮವರು ಸ್ವಲ್ಪ ಹೆಚ್ಚು.

ನಾನು ಹುಲ್ಕರ್, ನರ್ತಕಿ. ನಗರದ ನೃತ್ಯ ತಂಡದಲ್ಲಿ ಕೆಲಸ. ಬೇಸಿಗೆ ಬಂತೆಂದರೆ ಅದರ ಮೇಲೆ ಮದುವೆಮನೆಗಳು. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಿ, ಎಲ್ಲರಿಗೂ ಚಹಾ ಕಾಯಿಸಿ, ತಾಲೀಮಿಗೆ ಓಡಿ, ಮಧ್ಯಾಹ್ನ ಬಂದು ಮನೆಮಂದಿಯ ಬಟ್ಟೆ ಒಗೆದು, ಸಂಜೆ ಯಾರದೋ ಮದುವೆಯಲ್ಲಿ ನಗುನಗುತ್ತಾ ಗಿರಗಿರ ತಿರುಗಬೇಕು. ಎಂಥ ತೋಳು, ಎಂಥ ಮಣಿಕಟ್ಟು ಎಂದು ಜನ ತಲೆದೂಗುತ್ತಾರೆ. ಆ ಮಣಿಕಟ್ಟು ಪಳಗಿದ್ದು ಹತ್ತಿಯ ಹೊದಿಕೆ ಹಿಂಡಿ ಹಿಂಡಿ ಎಂದು ಅವರಿಗೆ ಹೇಳುವವರು ಯಾರು?

ಮನೆಯಲ್ಲಿ ವಾಷಿಂಗ್ ಮೆಷಿನ್ ಇಲ್ಲವೆಂದಲ್ಲ. ಇದೆ. ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಮೇಲೆ ಹೂದಾನಿ ಇಟ್ಟಿದ್ದಾರೆ. ಮೆಷಿನ್ನಿಗೆ ಹಾಕಿದರೆ ಬಟ್ಟೆಯ ಕೊಳೆ ಹೋಗುತ್ತದೆ, ಆದರೆ ಸೊಸೆ ಕೆಡುತ್ತಾಳೆ ಎಂಬುದು ಅತ್ತೆಯ ನಂಬಿಕೆ.

ಮದುವೆಯಾದ ಹೊಸದರಲ್ಲೇ ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಕಾನೂನು ಓದಿದ್ದರು.

"ನೋಡು ಕೆಲಿನ್, ಕುಣೀಬೇಡ ಅನ್ನಲ್ಲ ನಾನು. ನಮ್ಮ ಐಬೆಕ್ ನಿನ್ನ ಕುಣಿತ ನೋಡೇ ಬಿದ್ದೋನು. ಈಗ ಬೇಡ ಅಂದ್ರೆ ಮೇಲೇಳಲ್ಲ. ಆದ್ರೆ ಆ ಕುಣಿಯೋ ಬಟ್ಟೆ ನನ್ನ ಹಗ್ಗದ ಮೇಲೆ ಕಾಣಬಾರ್ದು. ಕಂಡ ದಿನ ನಿನ್ನ ಕುಣಿತ ಮುಗೀತು ಅಂದ್ಕೋ."

ಕೆಲಿನ್ ಎಂದರೆ ಸೊಸೆ. ಹುಲ್ಕರ್ ಎಂಬ ಹೆಸರು ಅತ್ತೆಗೆ ನೆನಪಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. "ಆಗ್ಲಿ ಓಯಿಜಾನ್" ಎಂದೆ. ಅತ್ತೆಯನ್ನು ಅಮ್ಮಾ ಎಂದೇ ಕರೆಯಬೇಕು. ಓಯಿಜಾನ್ ಎನ್ನುವಾಗ ದನಿಯಲ್ಲಿ ಜೇನು ಸುರಿಯಬೇಕು. ಅದೂ ಒಂದು ತಾಲೀಮು. ನನ್ನ ಗಂಡ ಐಬೆಕ್ ಪಕ್ಕದಲ್ಲೇ ಕೂತು ಒಣದ್ರಾಕ್ಷಿ ತಿನ್ನುತ್ತಿದ್ದ. ಅವನು ತಾಯಿಯ ಮಾತಿಗೂ ತಲೆಯಾಡಿಸಿದ, ನನ್ನ ಮಾತಿಗೂ ತಲೆಯಾಡಿಸಿದ.

ಕೇರಿಯವರಿಗೆ ಅತ್ತೆ ಹೇಳುತ್ತಿದ್ದದ್ದು, ಸೊಸೆಗೆ ಸಂಸ್ಕೃತಿ ಇಲಾಖೆಯಲ್ಲಿ ಕಾಗದಪತ್ರದ ಕೆಲಸ ಎಂದು. ಎದುರುಮನೆಯ ತುರ್ಸುನೋಯ್ ಗೇಟಿನ ಸಂದಿಯಿಂದಲೇ ಊರು ಆಳುವ ಹೆಂಗಸು. ಅವಳು ಒಮ್ಮೆ ಕೇಳಿಯೇಬಿಟ್ಟಳು: "ಅಲ್ಲಾ ಮಸ್ತೂರಾ, ಕಾಗದ ಬರೆಯೋಕೆ ಕಣ್ಣಿಗೆ ಅಷ್ಟು ಕಪ್ಪು ಬಳ್ಕೊಂಡು ಹೋಗ್ಬೇಕೇನೇ?"

"ಮೇಲಧಿಕಾರಿಗಳು ಬರ್ತಾರೆ" ಎಂದರು ಅತ್ತೆ.

ಈಗ ನನ್ನ ಬಟ್ಟೆಗಳ ಸಂಗತಿ. ನರ್ತಕಿಯ ಬಟ್ಟೆ ಒಗೆಯುವುದೆಂದರೆ ಮುಕ್ಕಾಲು ಪಾಲು ಒಗೆಯದೆ ಇರುವ ವಿದ್ಯೆ. ಒಳಗಿನ ಅತ್ಲಾಸ್ ರೇಷ್ಮೆಯ ಉದ್ದ ಅಂಗಿಯನ್ನು ತಣ್ಣೀರಿಗೆ ಒಂದಿಷ್ಟು ವಿನೆಗರ್ ಹಾಕಿ, ಮಗುವಿನ ತಲೆ ತೊಳೆದಂತೆ ಮೆಲ್ಲಗೆ ಅದ್ದಿ ತೆಗೆಯಬೇಕು. ಹಿಂಡಬಾರದು, ಬಿಸಿಲು ತೋರಿಸಬಾರದು. ತೋರಿಸಿದರೆ ಬಣ್ಣ ಬಿಟ್ಟುಕೊಂಡು ಹೋಗುತ್ತದೆ. ಮೇಲಿನ ಮಖಮಲ್ಲಿನ ತೋಳಿಲ್ಲದ ಅಂಗಿಗೆ ಜರಿಯ ಕಸೂತಿ ಇರುತ್ತದೆ, ಅದಕ್ಕೆ ನೀರೇ ಆಗದು. ಆದರೆ ಜುಲೈ ತಿಂಗಳ ಮದುವೆಯಲ್ಲಿ ಕುಣಿದು ಬಂದ ಮಖಮಲ್ಲು ಯಾವ ವಾಸನೆ ಬೀರುತ್ತದೆ ಎಂದು ಕೇಳಲೇಬೇಡಿ. ಅದಕ್ಕೆ ನಮ್ಮ ತಂಡದ ಹಿರಿಯರಿಂದ ಬಂದ ಮದ್ದು ವೋಡ್ಕಾ. ಹೂಗಿಡಕ್ಕೆ ನೀರು ಚಿಮುಕಿಸುವ ಸೀಸೆಗೆ ತುಂಬಿ, ಅಂಗಿ ತಿರುವಿ, ಕಂಕುಳಿಗೆ ಚೆನ್ನಾಗಿ ಚಿಮುಕಿಸಿ, ಗಾಳಿಗೆ ನೇತುಹಾಕಿದರೆ ಆಯಿತು. ಬೆವರಿನ ನಾತ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ವೋಡ್ಕಾದ್ದೂ ಹೋಗುತ್ತದೆ. ಐಬೆಕ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಊರಿನ ಆಚೆ ತುದಿಯ ಅಂಗಡಿಯಿಂದ ಅದನ್ನು ತಂದುಕೊಡುತ್ತಿದ್ದ. ಗಂಡನಿಂದ ನನಗೆ ಆದ ಉಪಕಾರ ಅದೊಂದೇ. ಇರಲಿ, ಅದನ್ನು ಮರೆಯಬಾರದು.

ಅಂಗಳದ ಹಗ್ಗ ನನಗೆ ನಿಷೇಧ. ಹಾಗಾದರೆ ಎಲ್ಲಿ ಒಣಗಿಸಲಿ? ಮನೆಯಲ್ಲಿ ನೆರಳೂ ಗಾಳಿಯೂ ಇದ್ದು ಮನುಷ್ಯರು ಕಾಲಿಡದ ಜಾಗ ಒಂದೇ, ಅತಿಥಿಗಳ ಕೋಣೆ. ಎಲ್ಲರ ಮನೆಯಂತೆ ನಮ್ಮಲ್ಲೂ ಅತಿ ದೊಡ್ಡ, ಅತಿ ಚಂದದ ಕೋಣೆ ಬಾರದ ಅತಿಥಿಗಳಿಗೆ ಮೀಸಲು. ಅದರ ಗೋಡೆಗೂಡಿನಲ್ಲಿ ಅತ್ತೆ ತವರಿನಿಂದ ತಂದ ಕುರ್ಪಾಚಾಗಳು, ಅಂದರೆ ನೆಲಕ್ಕೆ ಹಾಸುವ ಹತ್ತಿಯ ಮೆತ್ತೆಗಳು, ಸೂರಿನವರೆಗೆ ಪೇರಿಸಿದ್ದವು. ಮುಂದೆ ಪರದೆ. ಆ ಪರದೆಯ ಹಿಂದೆ ನಾನೊಂದು ದಾರ ಕಟ್ಟಿಕೊಂಡೆ. ವರ್ಷಗಟ್ಟಲೆ ನನ್ನ ನೃತ್ಯವೆಲ್ಲ ಆ ದಾರದ ಮೇಲೆ ಕದ್ದು ಒಣಗಿತು.

ಆ ವರ್ಷ ಎಂದೂ ಇಲ್ಲದ ಭಾಗ್ಯವೊಂದು ಬಂತು. ಹಳೆಯ ಅರಮನೆಯ ಅಂಗಳದಲ್ಲಿ ನಡೆಯುವ ಸ್ವಾತಂತ್ರ್ಯೋತ್ಸವಕ್ಕೆ ತಂಡದ ಗುರು ನನಗೆ ಒಂಟಿ ನೃತ್ಯ ಕೊಟ್ಟರು. ಹತ್ತಾರು ಜನರ ಸಾಲಿನಲ್ಲಿ ಕೈ ಬೀಸಿ ಬೀಸಿ ಸವೆದಿದ್ದ ನಾನು ಇಡೀ ಅಂಗಳದಲ್ಲಿ ಒಬ್ಬಳೇ! ಅದಕ್ಕೆಂದು ಮರ್ಗಿಲಾನಿನ ನೇಕಾರರಿಂದ ಕೈಮಗ್ಗದ ಅತ್ಲಾಸ್ ತರಿಸಿ ಅಂಗಿ ಹೊಲಿಸಿದೆ. ಹಳದಿ, ದಾಳಿಂಬೆ ಕೆಂಪು, ಕಪ್ಪು ಒಂದರೊಳಗೊಂದು ಹರಿದು ಬಂದ ಬಟ್ಟೆ. ಅದನ್ನು ಹಾಕಿಕೊಂಡು ಗುರುಗಳೆದುರು ಒಂದು ಸುತ್ತು ತಿರುಗಿದಾಗ ನನಗೆ ಅಳು ಬಂತು. ಉತ್ಸವ ಮುಗಿಯುವವರೆಗೆ ಹಗ್ಗದ ಕಾನೂನು ಮುರಿಯದಿದ್ದರೆ ಸಾಕು ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಾದಿನಿ ಮುನೀಸಾಳನ್ನು ನೋಡಲು ಹೆಣ್ಣು ಕೇಳುವವರು ಬಂದರು. ನಮ್ಮಲ್ಲಿ ಅವರು ಹೇಳಿ ಬರುವುದಿಲ್ಲ. ಹೇಳಿ ಬಂದರೆ ಹಗ್ಗದ ಮೇಲಿನ ನಿಜ ತಿಳಿಯುವುದು ಹೇಗೆ? ಹುಡುಗ ಕಮೋಲ್ ಮುನೀಸಾಳ ಜೊತೆ ಓದಿದವನು. ಇಬ್ಬರಿಗೂ ಒಳಗೊಳಗೇ ಒಪ್ಪಿಗೆಯಾಗಿ ಎಷ್ಟೋ ಕಾಲವಾಗಿತ್ತು. ಇನ್ನು ಹಿರಿಯರು ಅದನ್ನು ಹೊಸದಾಗಿ ಕಂಡುಹಿಡಿಯಬೇಕಿತ್ತು. ಬಂದವರು ಅವನ ದೊಡ್ಡಮ್ಮ ರಿಸೋಲತ್ ಮತ್ತು ಬಾಯಿ ಬಿಡದ ಇನ್ನೊಬ್ಬ ಹೆಂಗಸು. ರಿಸೋಲತ್ ಗೇಟು ದಾಟಿದವಳೇ ಹಗ್ಗ ನೋಡಿದಳು. ಬಿಳಿ ಒಂದು ಕಡೆ, ಬಣ್ಣ ಒಂದು ಕಡೆ. ಅತ್ತೆಯ ಎದೆ ಎರಡು ಬೆರಳು ಉಬ್ಬಿತು.

ನಾನು ಹಿಂದಿನ ಸಂಜೆ ಎರಡು ಮದುವೆಯಲ್ಲಿ ಕುಣಿದು ಬಂದಿದ್ದೆ. ಬೆಳಿಗ್ಗೆಯೇ ಇದ್ದಬದ್ದ ಮಖಮಲ್ ಅಂಗಿಗಳಿಗೆಲ್ಲ ಮದ್ದು ಹೊಡೆದು ಪರದೆಯ ಹಿಂದೆ ತೂಗುಹಾಕಿದ್ದೆ. ಅವಸರದಲ್ಲಿ ಕೈ ಸ್ವಲ್ಪ ಧಾರಾಳವಾಗಿತ್ತು.

ನಾನು ಅಡುಗೆಮನೆಯಿಂದ ಚಹಾ ತರುವಷ್ಟರಲ್ಲಿ ಅತ್ತೆ ಪರದೆಯ ಕೆಳಗೆ ಕೈಹಾಕಿ ಮೆತ್ತೆ ಎಳೆದು ಹಾಸಿ ಅತಿಥಿಗಳನ್ನು ಕೂರಿಸಿಯಾಗಿತ್ತು. ಒಳಗೆ ಕಾಲಿಟ್ಟ ಕೂಡಲೇ ನನ್ನ ಮೂಗಿಗೆ ಗೊತ್ತಾಯಿತು. ಅಂಗಿಗಳಿಂದ ತೊಟ್ಟಿಕ್ಕಿದ ವೋಡ್ಕಾವನ್ನೆಲ್ಲ ಮೆತ್ತೆಗಳು ಕುಡಿದಿದ್ದವು. ಸೆಕೆಗೆ, ಅದರ ಮೇಲೆ ರಿಸೋಲತ್‌ಳ ಭಾರಕ್ಕೆ, ಕೋಣೆಯೆಲ್ಲ ಘಮಘಮ.

ಗೌರವ ಹೆಚ್ಚಿದಷ್ಟೂ ಬಟ್ಟಲಿನಲ್ಲಿ ಚಹಾ ಕಡಿಮೆ ಸುರಿಯುವುದು ನಮ್ಮ ಪದ್ಧತಿ. ನಾನು ಅರ್ಧ ಬಟ್ಟಲು ಸುರಿದು, ಎದೆಗೆ ಕೈಯಿಟ್ಟು, ಬಗ್ಗಿ ಕೊಟ್ಟೆ. ರಿಸೋಲತ್ ಮೂಗರಳಿಸಿ ಬಟ್ಟಲನ್ನೇ ಒಮ್ಮೆ ಮೂಸಿದಳು.

"ಯಜಮಾನ್ರು ಮನೇಲೇ ಇರ್ತಾರಾ?" ಎಂದಳು, ಬಲು ಮೆತ್ತಗೆ.

"ಹೂಂ, ಮೇಷ್ಟ್ರಾಗಿದ್ದೋರು. ಈಗ ರಿಟೈರ್ಡು, ಆರಾಮಾಗಿದಾರೆ" ಎಂದರು ಅತ್ತೆ.

"ಹೊತ್ತು ಹೋಗೋದು ಕಷ್ಟ ಅಲ್ವಾ, ಪಾಪ. ಕೆಲವ್ರು ಆವಾಗ ಏನೇನೋ ಅಭ್ಯಾಸ ಹಚ್ಕೋತಾರೆ."

ಅಷ್ಟು ಹೊತ್ತಿಗೆ ಸರಿಯಾಗಿ ಮಾವನವರು ಬಾಗಿಲಲ್ಲಿ ಕಾಣಿಸಿಕೊಂಡರು. ಭೂಗೋಳ ಕಲಿಸಿದ ಹಮ್ರೋಕುಲ್ ಮೇಷ್ಟ್ರು, ಹುಟ್ಟಿದಾಗಿನಿಂದ ಮೊಸರುನೀರಿಗಿಂತ ಖಾರವಾದದ್ದನ್ನು ಕುಡಿದವರಲ್ಲ. ಆದರೆ ಕಣ್ಣಿಗೆ ಔಷಧಿ ಬಿಟ್ಟುಕೊಂಡು ಕಣ್ಣು ಕೆಂಡದಂತಾಗಿತ್ತು, ಮಂಡಿನೋವಿಗೆ ಗೋಡೆ ಹಿಡಿದು ಓಲಾಡುತ್ತ ಬಂದರು. ದೃಷ್ಟಿ ಮಂಜಾಗಿದ್ದರಿಂದ ಗಡಿಯಾರಕ್ಕೆ ಸಲಾಂ ಮಾಡಿದರು.

"ಹುಡುಗನ ಅಪ್ಪ, ನಮ್ಮ ಮೈದುನ, ಹಜ್‌ಗೆ ಹೊರಟಿದಾರೆ" ಎಂದು ರಿಸೋಲತ್ ತಲೆವಸ್ತ್ರ ಸರಿಮಾಡಿಕೊಂಡಳು. "ನಮ್ಮ ಮನೇಲಿ ಅದರ ಗಾಳೀನೂ ಸುಳಿಯಲ್ಲ. ನಾವಿನ್ನು ಬರ್ತೀವಿ."

ದಸ್ತರ್‌ಖಾನಿನ ಮೇಲೆ, ಅಂದರೆ ಊಟಕ್ಕೆ ಹಾಸಿದ ಬಟ್ಟೆಯ ಮೇಲೆ, ರೊಟ್ಟಿ ಮುರಿಯದೆ ಇದ್ದ ಹಾಗೇ ಇತ್ತು. ರೊಟ್ಟಿ ಮುರಿದರೆ ಮಾತು ಕುದುರಿದಂತೆ. ಮುರಿಯದಿದ್ದರೆ ಮುನೀಸಾಳ ಕಥೆ ಮುಗಿದಂತೆ. ಅತ್ತೆ "ಒಂದ್ನಿಮಿಷ, ಪ್ಲೋವ್ ಅನ್ನ ಆಗ್ತಿದೆ, ಬಾಯಿಗೆ ಹಾಕ್ಕೊಳ್ದೆ ಹೋದ್ರೆ ಹೇಗೆ" ಎನ್ನುತ್ತ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದರು. ಅಲ್ಲಿ ಮುನೀಸಾ ಕ್ಯಾರೆಟ್ ಹೆಚ್ಚುತ್ತಾ ಅಳುತ್ತಿದ್ದಳು; ಎಲ್ಲ ಕೇಳಿಸಿಕೊಂಡಿದ್ದಳು.

"ನನ್ನ ತವರಿನ ಮೆತ್ತೆಗೆ ಏನ್ ಮಾಡಿದ್ಯೇ?"

"ವೋಡ್ಕಾ, ಓಯಿಜಾನ್."

"ಕುಡಿದ್ಯಾ?!"

"ನಾನಲ್ಲ, ನನ್ನ ಅಂಗಿ. ಬೆವರಿನ ವಾಸನೆ ಹೋಗ್ಲಿ ಅಂತ ಚಿಮುಕಿಸಿದ್ದೆ. ನೀವೇ ಹಗ್ಗ ಮುಟ್ಟಬೇಡ ಅಂದ್ರಲ್ಲ, ಅದಕ್ಕೇ ಅಲ್ಲಿ ಒಣಹಾಕಿದ್ದೆ."

ಅತ್ತೆಯ ಮುಖ ಅಂದು ನೋಡಬೇಕಿತ್ತು. ಸತ್ಯ ಹೇಳಿದರೆ ಸೊಸೆ ಕುಣಿಯುವವಳು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಗಂಡ ಕುಡುಕ, ಮಗಳಿಗೆ ಮದುವೆಯಿಲ್ಲ. ಅವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು. ನನಗೋ ಅರಮನೆಯ ಅಂಗಳ ಕಣ್ಣಮುಂದೆಯೇ ಮುಚ್ಚಿಹೋಗುತ್ತಿತ್ತು. ಆದರೂ ಮುನೀಸಾಳ ಮುಖ ನೋಡಿ, "ಹೇಳಿಬಿಡಿ" ಎಂದೆ.

ಅತ್ತೆ ಒಳಗೆ ಹೋದವರೇ ಪರದೆಯನ್ನು ಸರ್ರನೆ ಎಳೆದರು. ಕೆಂಪು, ಹಸಿರು, ನೀಲಿ ಮಖಮಲ್ಲು, ಜರಿ, ಮಿಂಚು, ಎಲ್ಲಾ ಒಮ್ಮೆಲೇ ಬಯಲಾಯಿತು.

"ಮೂಸಿ ನೋಡಿ! ನನ್ನ ಗಂಡ ಅಲ್ಲ ಕುಡಿಯೋದು, ಇವು! ನನ್ನ ಸೊಸೆ ಕುಣೀತಾಳೆ. ಏನ್ ಮಾಡ್ಲಿ, ಕುಣೀತಾಳೆ!"

ರಿಸೋಲತ್ ಎದ್ದು ಒಂದು ಅಂಗಿಯ ಕಂಕುಳನ್ನು ಗಂಭೀರವಾಗಿ ಮೂಸಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕಿರುಚಿದಳು.

"ಅಯ್ಯೋ ದೇವ್ರೇ! ನನ್ನ ತಂಗಿ ಮಗನ ಮದುವೇಲಿ ಕುಣಿದೋಳು ನೀನೇ ಅಲ್ವೇನೇ?" ಫೋನು ತೆಗೆದು ವಿಡಿಯೋ ಹಾಕಿ ಅತ್ತೆಯ ಮೂಗಿಗೇ ಹಿಡಿದಳು. "ನೋಡಿ, ನೋಡಿ! ಇದನ್ನ ನೋಡ್ದೆ ನಮ್ಮನೇಲಿ ಯಾರೂ ಊಟಾನೇ ಮಾಡಲ್ಲ. ಇಂಥವಳ್ನ ಪರದೆ ಹಿಂದೆ ಮುಚ್ಚಿಟ್ಟಿದ್ದೀರಲ್ಲ, ಮಸ್ತೂರಾ!"

ಅತ್ತೆ ಅಂದು ಮೊದಲ ಬಾರಿಗೆ ನನ್ನ ನೃತ್ಯ ನೋಡಿದರು, ಬೇರೆಯವಳ ಫೋನಿನಲ್ಲಿ. ರಿಸೋಲತ್ ಮತ್ತೆ ಅದೇ ಮೆತ್ತೆಯ ಮೇಲೆ ಕುಕ್ಕರಿಸಿ, ತಾನೇ ರೊಟ್ಟಿಗೆ ಕೈಹಾಕಿ ಮುರಿದಳು. "ಇನ್ನೇನು, ಮನೆಯೋಳೇ ಆದ್ಲು. ನಮ್ಮ ಮದುವೇಲಿ ಕುಣಿಯೋಕೆ ಹೊರಗಿನವರನ್ನ ಕರೆಯೋ ಗೋಜಿಲ್ಲ" ಎಂದು ಬಾಯಿ ಚಪ್ಪರಿಸಿದಳು. ಬೀಗರ ಕಲಾಪ್ರೇಮ ಎಲ್ಲಿಂದ ಉಕ್ಕಿತೆಂದು ನನಗೆ ಆಗ ತಿಳಿಯಿತು.

ಮರುದಿನದಿಂದ ಅತ್ತೆ ಬೇರೆಯೇ ಮನುಷ್ಯರು. ಕೇರಿಯಲ್ಲೆಲ್ಲ "ನಮ್ಮ ಕಲಾವಿದೆ", "ಅರಮನೇಲಿ ಒಬ್ಬಳೇ ಕುಣೀತಾಳೆ ನಮ್ಮ ಹುಲ್ಕರ್". ಹೆಸರು ಗೊತ್ತಿತ್ತು ಹಾಗಾದರೆ! ತಾವೇ ಮೊದಲಿನಿಂದ ನನ್ನನ್ನು ಬೆಳೆಸಿದವರಂತೆ ತುರ್ಸುನೋಯ್‌ಗೆ ವರದಿ ಒಪ್ಪಿಸುತ್ತಿದ್ದರು. ನನಗೆ ನಗು ಬರುತ್ತಿತ್ತು. ಸುಳ್ಳೇಕೆ, ಹಿತವೂ ಆಗುತ್ತಿತ್ತು.

ಉತ್ಸವದ ಹಿಂದಿನ ದಿನ ಮಧ್ಯಾಹ್ನ ತಾಲೀಮು ಮುಗಿಸಿ ಬಂದೆ. ಗೇಟು ತೆರೆದೇ ಇತ್ತು. ಬೀದಿಗೆ ಕಾಣುವ ಮುಂದಿನ ಹಗ್ಗದಲ್ಲಿ, ಉರಿಬಿಸಿಲಿನಲ್ಲಿ, ನಟ್ಟನಡುವೆ ಮರ್ಗಿಲಾನಿನ ಅಂಗಿ ತೂಗುತ್ತಿತ್ತು. ಅಂಗಿ ಅನ್ನಬೇಕು, ಬೇರೆ ಮಾತಿಲ್ಲ. ಹಳದಿ ಕೆಂಪಿಗೆ ಹತ್ತಿ, ಕೆಂಪು ಕಪ್ಪಿಗೆ ಹತ್ತಿ, ಒಟ್ಟಿನಲ್ಲಿ ಕೆಸರಿನ ಬಣ್ಣವಾಗಿತ್ತು. ಉದ್ದ ಮೊಣಕಾಲಿಗೆ ಬಂದಿತ್ತು. ಜೊತೆಗೆ ಒಗೆದ ಬಿಳಿ ಹೊದಿಕೆಗಳೆಲ್ಲ ಗುಲಾಬಿಯಾಗಿದ್ದವು. ಜಗುಲಿಯಲ್ಲಿ ವಾಷಿಂಗ್ ಮೆಷಿನ್ನು ಕಸೂತಿ ಕಳಚಿ ಬೋಳಾಗಿ ನಿಂತಿತ್ತು. ಹೂದಾನಿ ನೆಲದ ಮೇಲಿತ್ತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದರು. ಪಕ್ಕದಲ್ಲಿ ತುರ್ಸುನೋಯ್.

"ನೀನು ದಣಿದು ಬರ್ತೀಯಾ ಅಂತ ನಾನೇ ಒಗೆದೆ. ನನ್ನ ಅತ್ಲಾಸ್ ಅಂಗೀನೂ ಬಿಸಿನೀರಲ್ಲೇ ತಾನೇ ಒಗೆಯೋದು. ಚೆನ್ನಾಗಿ ಬೇಯಿಸಿದೀನಿ, ಒಂದು ಕೊಳೆ ಇಲ್ಲ ನೋಡು. ಊರೋರೆಲ್ಲ ನೋಡ್ಲಿ ಅಂತ ಮುಂದೇನೇ ಹಾಕಿದೆ."

ಅವರ ಅಂಗಿ ಚೀನಾದ ನೈಲಾನು. ಅದನ್ನು ಕುದಿಸಿದರೂ ನಗುತ್ತಿರುತ್ತದೆ. ನನಗೆ ಕೂಗಬೇಕೆನ್ನಿಸಿತು, ಹೂದಾನಿ ಎತ್ತಿ ಒಡೆಯಬೇಕೆನ್ನಿಸಿತು. ಆದರೆ ಅವರ ಕೈ ನೋಡಿದೆ, ಮೆಷಿನ್ನಿಗೆ ಹಾಕುವ ಮೊದಲು ಕೈಯಲ್ಲೂ ಉಜ್ಜಿರಬೇಕು, ಸೋಪಿನ ನೀರಿಗೆ ಬೆರಳೆಲ್ಲ ಬಿಳಿಚಿಕೊಂಡಿದ್ದವು. ಆ ಮನೆಗೆ ಬಂದ ಮೇಲೆ ಅವರು ನನ್ನದೊಂದು ಬಟ್ಟೆ ಒಗೆದದ್ದು ಅದೇ ಮೊದಲು.

"ಮಾತು ಉಳಿಸ್ಕೊಂಡ್ರಿ, ಓಯಿಜಾನ್" ಎಂದೆ. "ನಿಮ್ಮ ಹಗ್ಗದ ಮೇಲೆ ಕಂಡ ದಿನ ನನ್ನ ಕುಣಿತ ಮುಗೀತು ಅಂದಿದ್ರಿ."

ಅವರಿಗೆ ಅರ್ಥವಾಗಲಿಲ್ಲ. ಹೊಗಳಿಕೆಯೆಂದೇ ತಿಳಿದು ತುರ್ಸುನೋಯ್ ಕಡೆ ತಿರುಗಿದರು. "ನೋಡ್ದ್ಯಾ? ನನ್ನ ಮಾತು ಅಂದ್ರೆ ಮಾತು."

ಗುರುಗಳಿಗೆ ಫೋನು ಮಾಡಿದೆ. ಆ ಒಂಟಿ ನೃತ್ಯ ಬಟ್ಟೆ ಸಿದ್ಧವಿದ್ದ ಇನ್ನೊಬ್ಬಳಿಗೆ ಹೋಯಿತು. ನನಗೆ ಮತ್ತೆ ಸಾಲು.

ಫೋನಿಟ್ಟು ಹೊರಗೆ ಬಂದರೆ, ದ್ರಾಕ್ಷಿ ಚಪ್ಪರದ ಕೆಳಗೆ ಮಾವ ಒಬ್ಬರೇ ಕೂತು ಗುಲಾಬಿ ಹೊದಿಕೆಗಳನ್ನು ನೋಡುತ್ತಿದ್ದರು. ಅವರ ಕಣ್ಣು ಈಗ ವಾಸಿಯಾಗಿತ್ತು, ಎಲ್ಲಾ ಸ್ಪಷ್ಟವಾಗಿ ಕಂಡಿರಬೇಕು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು:

"ಹುಲ್ಕರ್, ಮಗಳೇ, ಆ ನಿನ್ನ ಸೀಸೇಲಿ ಇನ್ನೂ ಏನಾದ್ರೂ ಉಳಿದಿದ್ಯಾ?"

ಉಳಿದಿತ್ತು. ಬಟ್ಟಲು ತಂದು, ಸೀಸೆಯ ಚಿಮುಕಿಸುವ ಮೂತಿ ತಿರುವಿ ತೆಗೆದು, ಗೌರವದಿಂದ ಅರ್ಧ ಬಟ್ಟಲು ಸುರಿದು, ಎದೆಗೆ ಕೈಯಿಟ್ಟು, ಬಗ್ಗಿ ಕೊಟ್ಟೆ.