ಕುಪ್ಪುಸ್ವಾಮಿ ಸಾರ್ ಮುಂದೆ ಇಂಗ್ಲಿಷು

ಆಶಾರಾಣಿಗೆ ಬೇಕಾಗಿದ್ದದ್ದು ಹಗಲು ಶಿಫ್ಟು. ಕೋಲಾರದ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಅವಳು ಚಾರ್ಜರ್ ಜೋಡಿಸುವ ಸಾಲಿನಲ್ಲಿ ಕೂರುತ್ತಿದ್ದಳು. ಸಾಲಿನವರಿಗೆಲ್ಲ ವಾರ ಬಿಟ್ಟು ವಾರ ರಾತ್ರಿ ಶಿಫ್ಟು, ಲೈನ್ ಲೀಡರ್‌ಗೆ ಮಾತ್ರ ಯಾವಾಗಲೂ ಹಗಲು. ಆ ರಾತ್ರಿಗಳಲ್ಲಿ ಅವಳ ಪುಟ್ಟ ಮಗಳು ಅಜ್ಜಿಯ ಪಕ್ಕ ಮಲಗಲು ಒಪ್ಪದೆ ಅತ್ತು ಅತ್ತು ಜ್ವರ ಬರಿಸಿಕೊಳ್ಳುತ್ತಿತ್ತು.

ಲೀಡರ್ ಆಗಬೇಕಾದರೆ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಬೇಕು. ಆಶಾರಾಣಿಗೆ ಓದಲು ಬರುತ್ತಿತ್ತು, ಕೇಳಿದರೆ ಅರ್ಥವೂ ಆಗುತ್ತಿತ್ತು. ಬಾಯಿ ಮಾತ್ರ ಏಳುತ್ತಿರಲಿಲ್ಲ. ಹಸುವಿನ ಹಾಲು ಕರೆಯುವಾಗ ಅಭ್ಯಾಸ ಮಾಡಿ ನೋಡಿದಳು.

"ಐ ಆಮ್ ಫ್ರಂ ಉರಿಗಾಂ. ಐ ಆಮ್ ವರ್ಕಿಂಗ್..."

"ನಿಲ್ಸೇ ಸಾಕು," ಅಂದಳು ತಾಯಿ ಮುನಿಶಾಮಮ್ಮ. "ಅಸು ಆಲೇ ಇಳಿಸ್ತಿಲ್ಲ. ಯಾರೋ ಬೇರೆಯೋಳು ಬಂದವ್ಳೆ ಅನ್ಕೊಂಡೈತೆ."

ಪರೀಕ್ಷೆಯ ದಿನ ಮೇಜಿನ ಆಚೆ ಇಬ್ಬರು ಕೂತಿದ್ದರು. ಮ್ಯಾನೇಜರ್ ಕುಪ್ಪುಸ್ವಾಮಿ, ಪಕ್ಕದಲ್ಲಿ ತೈವಾನಿನಿಂದ ಬಂದಿದ್ದ ಇಂಜಿನಿಯರ್ ಮೇಡಂ. ಮೊದಲ ಪ್ರಶ್ನೆಗೆ ಹೇಗೋ ಉತ್ತರ ಬಂತು. ಅಷ್ಟರಲ್ಲಿ ಕುಪ್ಪುಸ್ವಾಮಿಯ ಫೋನು ಬಡಿದುಕೊಂಡಿತು. ಮನೆಯವರಿರಬೇಕು. "ಅಪ್ಪುರಂ ಪೇಸುರೇನ್‌ಮಾ," ಆಮೇಲೆ ಮಾತಾಡ್ತೀನಿ ಎಂದು ತಮಿಳಿನಲ್ಲಿ ಹೇಳಿ ಇಟ್ಟರು.

ಕೆಲಸ ಕೆಟ್ಟದ್ದು ಅಲ್ಲೇ. ಚಿನ್ನದ ಗಣಿಗೆಂದು ಎಲ್ಲ ಭಾಷೆಯವರೂ ಬಂದು ಸೇರಿದ ಊರು ಉರಿಗಾಂ; ಅಲ್ಲಿಯವರ ನಾಲಗೆಗೆ ಒಂದು ರೂಢಿಯಿದೆ. ಎದುರಿನವರು ತಮಿಳಿನವರಾದರೆ ತಮಿಳು, ತೆಲುಗಿನವರಾದರೆ ತೆಲುಗು. ಅಂಗಡಿಯಲ್ಲೂ ಹಾಗೇ, ನೀರಿನ ನಲ್ಲಿಯ ಹತ್ತಿರವೂ ಹಾಗೇ. ಅವರ ಮಾತು ಗೊತ್ತಿದ್ದೂ ಇನ್ನೊಂದು ಭಾಷೆ ಎತ್ತಿದರೆ ಕೊಬ್ಬು ಅಂತಾರೆ. ಅದರಲ್ಲೂ ಇಂಗ್ಲಿಷ್ ಎತ್ತಿದರೆ ಕೇಳುವುದೇ ಬೇಡ.

"ಇಫ್ ದ ಮಷೀನ್ ಸ್ಟಾಪ್ಸ್, ವಾಟ್ ವಿಲ್ ಯು ಡೂ?" ಎಂದರು ಕುಪ್ಪುಸ್ವಾಮಿ.

"ಮೊದಲ್ಲ ಸ್ವಿಚ್ ಆಫ್ ಪಣ್ಣುವೇನ್ ಸಾರ್..."

"ಇಂಗ್ಲಿಷ್, ಇಂಗ್ಲಿಷ್."

ಅವಳು ಬಾಯಿ ತೆರೆದಳು. ಮತ್ತೆ ತಮಿಳೇ ಬಂತು. ಕೆಳಗೆ ಮುಖ ಹಾಕಿದಳು. ಕಲಿತದ್ದೆಲ್ಲ ಒಳಗೇ ಇತ್ತು, ಈ ಮನುಷ್ಯನ ಮುಖ ನೋಡಿಕೊಂಡು ಒಂದು ಮಾತೂ ಹೊರಗೆ ಬರುವಂತಿರಲಿಲ್ಲ.

ತಲೆ ಎತ್ತಿದಾಗ ಕಂಡದ್ದು ಮೇಡಂ. ಆಕೆಗೆ ತಮಿಳಿಲ್ಲ, ತೆಲುಗಿಲ್ಲ, ಕನ್ನಡವಿಲ್ಲ. ಆಕೆಯ ಭಾಷೆ ಇವಳಿಗಿಲ್ಲ. ಇಬ್ಬರಿಗೂ ಬೇರೆ ದಾರಿಯೇ ಇರಲಿಲ್ಲ.

"ಮೇಡಂ, ಫಸ್ಟ್ ಐ ಸ್ವಿಚ್ ಆಫ್," ಅಂದಳು. "ದೆನ್ ಕಾಲ್ ಟೆಕ್ನಿಷಿಯನ್. ಗರ್ಲ್ಸ್ ನೋ ಟಚ್." ಮೇಡಂ ತಲೆಯಾಡಿಸಿ ಇನ್ನೊಂದು ಕೇಳಿದರು. ಅದಕ್ಕೂ ಹೇಳಿದಳು. ತಪ್ಪಿದ್ದಿರಬಹುದು, ನಿಲ್ಲಲಿಲ್ಲ.

ಆಮೇಲೆ ಕುಪ್ಪುಸ್ವಾಮಿ ಕೇಳಿದರು. ಮತ್ತೆ ತಮಿಳು.

ಅವರು ಕೆಟ್ಟವರಲ್ಲ. ನಕ್ಕು, ತಮಿಳಿನಲ್ಲೇ ಸಮಾಧಾನ ಹೇಳಿದರು: ಲೀಡರ್ ಆದವಳು ದಿನಾ ಮೀಟಿಂಗಿನಲ್ಲಿ ಎಲ್ಲರೆದುರು ಇಂಗ್ಲಿಷಿನಲ್ಲೇ ಹೇಳಬೇಕು, ಮುಂದಿನ ಸಲ ನೋಡೋಣ. ಬರುವ ವಾರ ರಾತ್ರಿ ಶಿಫ್ಟಿಗೇ ಬಾ.

ಸಂಜೆ ಕಂಪನಿ ಬಸ್ಸಿನಲ್ಲಿ ಬಂಗಾರಪೇಟೆಯ ಶ್ಯಾಮಲಾ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅದೇ ಸಾಲಿನವಳು.

"ಏನಾಯ್ತೇ?"

"ಆ ಮೇಡಂ ಅತ್ರ ಮಾತಾಡ್ದೆ. ಸಾರ್ ಅತ್ರ ಆಗ್ಲಿಲ್ಲ."

"ಅದೇನೇ ನಿಂದು? ತೈವಾನಿಗೆ ಎದರ್ಲಿಲ್ಲ, ನಮ್ಮೋರ್ಗೆ ಎದರ್ತೀಯ?"

ಆಶಾರಾಣಿ ಕಿಟಕಿಯ ಸರಳು ಹಿಡಿದಳು. ಮನೆಗೆ ಹೋದರೆ ರಾತ್ರಿ ಮನೇಲೇ ಇರ್ತೀಯಾ ಅಂತ ಮಗು ಕೇಳುತ್ತದೆ. ಏನು ಹೇಳಿದರೂ ಅಳುತ್ತದೆ. ನಮ್ಮವರ ಮುಂದೆಯೇ ಆಡಿ ನೋಡಬೇಕು ಅಂದುಕೊಂಡು ಶ್ಯಾಮಲಾಳ ಕಡೆ ತಿರುಗಿದಳು.

"ನೆಕ್ಸ್ಟ್ ವೀಕ್ ಅಗೇನ್ ಐ ಆಮ್ ನೈಟ್ ಶಿಫ್ಟ್."

ಮುಂದಿನ ಸೀಟಿನವರೆಲ್ಲ ತಿರುಗಿದರು. "ಅಬ್ಬಬ್ಬಾ, ದೊರೆಸಾನಿ ಬಂದ್ಲು ಕಣ್ರೇ!" ಅಂತ ಯಾರೋ ಕೂಗಿದರು. ಬಸ್ಸೆಲ್ಲ ನಕ್ಕಿತು. ಶ್ಯಾಮಲಾಳೂ ನಕ್ಕಳು.

ಕಿವಿ ಸುಡುತ್ತಿತ್ತು, ಕಣ್ಣು ತುಂಬಿತ್ತು. ಇಳಿದು ಓಡಿಹೋಗಲು ಬಸ್ಸು ನಿಂತಿರಲಿಲ್ಲ.

"ಮೈ ಡಾಟರ್ ಈಸ್ ಕ್ರೈಯಿಂಗ್," ಅಂದಳು ಆಶಾರಾಣಿ, ಮೊದಲಿಗಿಂತ ಗಟ್ಟಿಯಾಗಿ.