ಹಿಂದಿನ ಮೆಟ್ಟಿಲ ಊಟ

ನಮ್ಮಲ್ಲಿ ಡಬ್ಬಿ ತೆರೆದವರು ಎದುರಿಗೆ ಬಂದವರನ್ನು ಊಟಕ್ಕೆ ಕರೆಯಲೇಬೇಕು. ಕರೆಸಿಕೊಂಡವರು ‘ನಂದಾಯ್ತು, ನೀನು ಮಾಡು’ ಎನ್ನಬೇಕು. ಕವೀತೆ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ನಾನೂ ಹಾಗೆಯೇ ಎಲ್ಲರನ್ನೂ ಕರೆದವಳು.

ಬೆಲೆ ಏರಿದಂತೆ ಮೊದಲು ಸಂಜೆ ತಿನ್ನುತ್ತಿದ್ದ ಕರಿದ ಬಾಳೆಹಣ್ಣು ಬಿಟ್ಟೆ, ಆಮೇಲೆ ಕಾಫಿ ಪೊಟ್ಟಣ ಬಿಟ್ಟೆ. ಕೊನೆಗೆ ಗೇಟಿನ ಪಕ್ಕದ ಅಂಗಡಿಯಲ್ಲಿ ದಿನಾ ಕೊಳ್ಳುತ್ತಿದ್ದ ಒಂದು ಸೌಟು ಮೀನಿನ ಸಾರನ್ನೂ ಬಿಟ್ಟೆ. ಬರೀ ಅನ್ನ, ಉಪ್ಪು ಇರುವ ಡಬ್ಬಿ ಮುಂದಿಟ್ಟುಕೊಂಡು ಯಾರನ್ನು ಕರೆಯಲಿ? ಹಿಂದಿನ ಮೆಟ್ಟಿಲ ಮೇಲೆ ಕೂತು ಒಬ್ಬಳೇ ಉಣ್ಣತೊಡಗಿದೆ.

ಎರಡು ವಾರ ಕಳೆದ ಮೇಲೆ, ಪಕ್ಕದ ಮಿಷಿನ್ನಿನ ನೆನಿತಕ್ಕ ಅಲ್ಲಿಗೇ ಬಂದಳು. ನಾನು ಬೇಗ ಮುಚ್ಚಳ ಹಾಕಿದೆ. ಆದರೆ ಹಾಳು ಬಾಯಿ ಸುಮ್ಮನಿರಲಿಲ್ಲ.

“ಬಾ ಅಕ್ಕ, ಊಟ ಮಾಡೋಣ.”

“ಹೂಂ, ಮಾಡೋಣ,” ಎಂದು ಅವಳು ಪಕ್ಕದಲ್ಲೇ ಕೂತುಬಿಟ್ಟಳು. “ಅದೇನು ಬಚ್ಚಿಟ್ಕೊಂಡು ತಿಂತೀಯೋ ಇವತ್ತು ನೋಡೇಬಿಡ್ತೀನಿ.”

ಮುಚ್ಚಳವನ್ನು ಅವಳೇ ತೆಗೆದಳು. ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

“ತಪ್ಪಾಯ್ತು ಕಣೆ ಲಿಗಾಯಾ. ನೀನು ಹಂದಿಮಾಂಸ ತರ್ತೀಯ, ಹಂಚ್ಕೋಬೇಕಾಗುತ್ತೆ ಅಂತ ಇಲ್ಲಿ ಬಂದು ಮುಕ್ತೀಯ ಅಂತ ನಾನೇ ಎಲ್ಲರ ಹತ್ರ ಹೇಳಿದೀನಿ. ಈಗ್ಲೇ ಹೋಗಿ ಇರೋ ವಿಷಯ ಹೇಳ್ತೀನಿ.”

ಅವಳು ಎದ್ದಳು. ನಾನು ಕೈ ಹಿಡಿದು ಕೂರಿಸಿದೆ.

“ಬೇಡ ಅಕ್ಕ. ಹಂದಿಮಾಂಸ ಅಂತಲೇ ಇರ್ಲಿ.”